ಪರದೆಯ ಮೇಲೆ ಚಿತ್ರ ಕುಣಿದರೆ: 35 ಎಂಎಂ ಪ್ರೊಜೆಕ್ಟರ್

ಬಾಗಿಲು ತೆರೆದಿಟ್ಟ ಈ ಯಂತ್ರದೊಳಗೆ ನೋಡಿ. ಬೆಳಕು ಫಿಲ್ಮಿನ ಮೂಲಕ ಹಾಯುವ ಕಿಂಡಿಯೇ ಗೇಟು. ಅದರ ಮೇಲೊಂದು, ಕೆಳಗೊಂದು ಕಡೆ ಫಿಲ್ಮ್ ಸಡಿಲವಾಗಿ ಬಾಗಿದೆ. ಇವೇ ಲೂಪ್‌ಗಳು. ರೀಲಿನಿಂದ ಫಿಲ್ಮ್ ಒಂದೇ ಸಮನೆ ಇಳಿಯುತ್ತದೆ. ಗೇಟಿನಲ್ಲಿ ಮಾತ್ರ ಸೆಕೆಂಡಿಗೆ 24 ಸಲ ನಿಂತು ನಿಂತು ಸಾಗಬೇಕು. ನಾಲ್ಕು ಸೀಳಿನ ಜಿನೀವಾ ಚಕ್ರ ಕಾಲು ಸುತ್ತು ತಿರುಗಿದಾಗಲೆಲ್ಲ ಫಿಲ್ಮಿನ ಅಂಚಿನ ನಾಲ್ಕು ತೂತು, ಅಂದರೆ ಒಂದು ಫ್ರೇಮ್, ಕೆಳಗೆ ಸರಿಯುತ್ತದೆ. ಈ ಎರಡು ನಡೆಗಳ ಜಗ್ಗಾಟವನ್ನು ತಾಳಿಕೊಳ್ಳುವುದು ಲೂಪ್.

ತೂತು ಹರಿದಿದ್ದರೆ, ಅಂಟಿಸಿದ ಜಾಗ ದಪ್ಪಗಿದ್ದರೆ ಫಿಲ್ಮ್ ತನ್ನನ್ನು ಎಳೆಯುವ ಚಕ್ರದ ಹಲ್ಲು ತಪ್ಪಿ ಕೆಳಗಿನ ಲೂಪ್ ಬಿಗಿದುಕೊಳ್ಳುತ್ತದೆ. ಚಿತ್ರ ಗಡಗಡ ನಡುಗುತ್ತದೆ. ಊರೂರು ಸುತ್ತಿ ಟೂರಿಂಗ್ ಟಾಕೀಸಿನ ಟೆಂಟ್ ತಲುಪುವಷ್ಟರಲ್ಲಿ ಪ್ರಿಂಟುಗಳು ಸವೆದಿರುತ್ತಿದ್ದವು. ಸಿಳ್ಳೆ ನಾಯಕನಿಗೋ ಆಪರೇಟರನಿಗೋ ಹೇಳುವುದು ಕಷ್ಟ!

ಮಿಷನ್ ನಿಲ್ಲಿಸಿ ಫಿಲ್ಮನ್ನು ಮತ್ತೆ ಪೋಣಿಸುವುದೇ ಪರಿಹಾರ. ಆಗಲೂ ಲೂಪಿನ ಅಳತೆ ಕೆಡಬಾರದು. ಧ್ವನಿಪಟ್ಟಿಯನ್ನು ಅದರ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಅಚ್ಚುಹಾಕಿರುವುದರಿಂದ, ಅಳತೆ ತಪ್ಪಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಪರದೆಯಲ್ಲಿ ಕಾಲು ಮೇಲೆ, ತಲೆ ಕೆಳಗೆ ಕಂಡರೆ ಅದು ಬೇರೆ ದೋಷ: ಫ್ರೇಮಿಂಗ್ ನಾಬ್ ತಿರುಗಿಸಿದರೆ ಸಾಕು.

ಹೊಸ ಪ್ರಿಂಟಿನದು ಇನ್ನೊಂದು ತಕರಾರು. ಅದರ ಎಮಲ್ಷನ್, ಅಂದರೆ ಚಿತ್ರ ಮೂಡಿರುವ ಲೇಪ, ಗೇಟಿನಲ್ಲಿ ಗಟ್ಟಿಯಾಗಿ ಕೂತು ಫಿಲ್ಮನ್ನು ತಡೆಯುತ್ತದೆ. ಅದನ್ನು ಉಕ್ಕಿನ ಚಾಕುವಿನಿಂದ ಕೆರೆಯಬಾರದು. ಗೇಟಿಗೆ ಬಿದ್ದ ಗೀರು ಮುಂದೆ ಬರುವ ಪ್ರತಿ ಪ್ರಿಂಟಿಗೂ ಬೀಳುತ್ತದೆ.