‘ಮೇ’ ಎಂಬ ಪುಟ್ಟ ಪದದ ದೊಡ್ಡ ಕಥೆ

ಇಂಗ್ಲಿಷ್ ಭಾಷೆಯಲ್ಲಿ ‘ಕ್ಯಾನ್’, ‘ಮೇ’, ‘ಶ್ಯಾಲ್’, ‘ವಿಲ್’, ‘ಮಸ್ಟ್’ ಎಂಬ ಕೆಲವು ಸಹಾಯಕ ಕ್ರಿಯಾಪದಗಳಿವೆ. ನಮ್ಮ ಮಕ್ಕಳು ಶಾಲೆಯಲ್ಲಿ ಇವುಗಳ ನಿಯಮಗಳನ್ನು ಉರು ಹೊಡೆಯುತ್ತಾರೆ. ಇವುಗಳ ಕೊನೆಗೆ ‘ಎಸ್’ ಹಚ್ಚಕೂಡದು. ಇವುಗಳ ನಂತರ ‘ಟು’ ಬರಕೂಡದು. ಆದರೆ ಕರ್ತವ್ಯವನ್ನು ಹೇಳುವ ‘ಆಟ್’ ಎಂಬುದರ ನಂತರ ಮಾತ್ರ ‘ಟು’ ಬರಲೇಬೇಕು. ಏಕೆ ಹೀಗೆ ಎಂದು ಮಗು ಕೇಳಿದರೆ ‘ಅದು ಹಾಗೆಯೇ’ ಎಂದು ಸುಮ್ಮನಾಗಿಸುವುದು ನಮ್ಮೆಲ್ಲರ ರೂಢಿ. ಆದರೆ ಆ ‘ಹಾಗೆಯೇ’ ಎಂಬುದರ ಹಿಂದೆ ಸಾವಿರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಅಷ್ಟೇ ಅಲ್ಲ, ಇವುಗಳ ಪೈಕಿ ಒಂದು ಪದವು ನಮ್ಮ ದೇಶದ ಸಂಸತ್ತನ್ನೂ ಬೀದಿಗಳನ್ನೂ ಅಲುಗಾಡಿಸಿದ ಉದಾಹರಣೆಯೂ ಇದೆ.

ಇಂದು ಇವು ಬೇರೆ ಕ್ರಿಯಾಪದದ ಊರುಗೋಲಾಗಿ ನಿಲ್ಲುವ ಪದಗಳು. ಹಳೆಯ ಇಂಗ್ಲಿಷಿನಲ್ಲಿ ಹಾಗಿರಲಿಲ್ಲ. ಒಂದೊಂದಕ್ಕೂ ಸ್ವಂತ ಅರ್ಥವಿತ್ತು. ‘ಕ್ಯಾನ್’ ಎಂದರೆ ತಿಳಿದಿರುವುದು, ‘ಮೇ’ ಎಂದರೆ ಬಲವುಳ್ಳವನಾಗಿರುವುದು, ‘ಶ್ಯಾಲ್’ ಎಂದರೆ ಸಾಲ ತೀರಿಸಬೇಕಾಗಿರುವುದು, ‘ವಿಲ್’ ಎಂದರೆ ಇಚ್ಛಿಸುವುದು. ಕನ್ನಡಿಗರಿಗೆ ಇದು ಹೊಸತಲ್ಲ. ‘ಅವನು ಕನ್ನಡ ಬಲ್ಲ’ ಎನ್ನುವಲ್ಲಿ ‘ಬಲ್ಲ’ ಎಂದರೆ ತಿಳಿದಿದ್ದಾನೆ ಎಂದರ್ಥ; ‘ಅವನು ಓದಬಲ್ಲ’ ಎನ್ನುವಲ್ಲಿ ಅದೇ ಪದ ಸಾಮರ್ಥ್ಯವನ್ನು ಹೇಳುತ್ತದೆ. ‘ಕ್ಯಾನ್’ ನಡೆದುಬಂದ ದಾರಿಯೂ ಇದೇ. ‘ನೀರು ಬೇಕು’ ಎಂಬ ಬಯಕೆಯ ಪದವೇ ‘ಹೋಗಬೇಕು’ ಎಂಬಲ್ಲಿ ಕಟ್ಟಳೆಯಾಗುವುದನ್ನೂ ನಾವು ದಿನವೂ ಕಾಣುತ್ತೇವೆ.

ಇನ್ನು ‘ಎಸ್’ ಇಲ್ಲದಿರುವ ಮಾತು. ‘ಕ್ಯಾನ್’, ‘ಮೇ’, ‘ಶ್ಯಾಲ್’ ಇವು ಮೂಲದಲ್ಲಿ ಭೂತಕಾಲದ ರೂಪಗಳು. ಅರ್ಥದಲ್ಲಿ ಮಾತ್ರ ವರ್ತಮಾನಕ್ಕೆ ಬಂದವು. ಭೂತಕಾಲದ ರೂಪಕ್ಕೆ ಇಂಗ್ಲಿಷಿನಲ್ಲಿ ‘ಎಸ್’ ಹತ್ತುವುದಿಲ್ಲವಷ್ಟೆ. ಸಂಸ್ಕೃತ ಬಲ್ಲವರಿಗೆ ಇದರ ಜೋಡಿ ತಟ್ಟನೆ ಹೊಳೆದೀತು. ‘ವೇದ’ ಎಂಬ ಕ್ರಿಯಾರೂಪವು ನೋಟಕ್ಕೆ ಭೂತಕಾಲದ್ದು, ಅರ್ಥ ‘ಬಲ್ಲೆ’, ‘ಬಲ್ಲನು’ ಎಂದು. ‘ಅಹಂ ವೇದ’, ‘ಸ ವೇದ’ ಎರಡರಲ್ಲೂ ರೂಪ ಒಂದೇ. ಎರಡು ಭಾಷೆಗಳೂ ಒಂದೇ ಮೂಲದಿಂದ ಕವಲೊಡೆದವಾದ್ದರಿಂದ ಈ ಹೋಲಿಕೆ ಆಕಸ್ಮಿಕವಲ್ಲ. ‘ವಿಲ್’ ಹುಟ್ಟಿನಿಂದ ಬೇರೆ ಗುಂಪಿನದಾದರೂ ಕ್ರಮೇಣ ಈ ಪಂಕ್ತಿಗೇ ಬಂದು ಕುಳಿತಿತು.

‘ಟು’ ಎಂಬುದು ಮೊದಲು ದಿಕ್ಕನ್ನು ತೋರುವ ಉಪಸರ್ಗವಷ್ಟೇ ಆಗಿತ್ತು, ನಮ್ಮ ಚತುರ್ಥಿಯ ‘ಕ್ಕೆ’ ಇದ್ದಂತೆ. ‘ಓದುವುದಕ್ಕೆ ಬಂದ’ ಎನ್ನುವಾಗ ನಾವು ‘ಕ್ಕೆ’ ಹಚ್ಚುತ್ತೇವೆ. ‘ಓದಬಹುದು’ ಎನ್ನುವಾಗ ಹಚ್ಚುವುದಿಲ್ಲ. ಇಂಗ್ಲಿಷಿನ ಭೇದವೂ ಹೆಚ್ಚುಕಡಿಮೆ ಇಂಥದೇ. 1066ರ ನಾರ್ಮನ್ ವಿಜಯದ ನಂತರದ ಶತಮಾನಗಳಲ್ಲಿ ಇಂಗ್ಲಿಷ್ ಕ್ರಿಯಾಪದಗಳ ಅಂತ್ಯಪ್ರತ್ಯಯಗಳು ಸವೆದುಹೋದವು. ಅವುಗಳ ಸ್ಥಾನವನ್ನು ತುಂಬಲು ‘ಟು’ ಎಲ್ಲೆಡೆ ಹಬ್ಬಿತು. ಆದರೆ ‘ಕ್ಯಾನ್’, ‘ಮೇ’ಗಳು ಅದಿಲ್ಲದೆಯೇ ಕ್ರಿಯಾಪದದೊಡನೆ ಕೂಡುವ ಹಳೆಯ ರೂಢಿಯನ್ನು ಬಿಡಲಿಲ್ಲ. ‘ಆಟ್’ ಮಾತ್ರ ‘ಒಡೆತನ ಹೊಂದು’ ಎಂಬ ಕ್ರಿಯೆಯ ಭೂತರೂಪ. ಮುಂದೆ ಅದಕ್ಕೆ ಋಣದ ಅರ್ಥ ಬಂದು, ‘ಮಾಡುವುದಕ್ಕೆ ಋಣಿ’ ಎನ್ನುವ ರೀತಿಯಲ್ಲಿ ‘ಟು’ ಅಂಟಿಕೊಂಡೇ ಉಳಿಯಿತು.

ಬದುಕಿದ ಭಾಷೆಗೆ ವ್ಯಾಕರಣಕಾರರು ಕಟ್ಟು ಹಾಕಿದ್ದು ಆಮೇಲೆ. ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕನಾಗಿದ್ದ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಇಂಗ್ಲಿಷ್ ವ್ಯಾಕರಣ ಬರೆದ. ಉತ್ತಮ ಪುರುಷದಲ್ಲಿ ‘ಶ್ಯಾಲ್’ ಎಂದರೆ ಬರಿಯ ಭವಿಷ್ಯ, ‘ವಿಲ್’ ಎಂದರೆ ವಾಗ್ದಾನ ಅಥವಾ ಬೆದರಿಕೆ; ಮಧ್ಯಮ, ಪ್ರಥಮ ಪುರುಷಗಳಲ್ಲಿ ಇದು ತಿರುವುಮುರುವು ಎಂಬ ನಿಯಮ ಆತನದು. ಶತಮಾನಗಳ ಕಾಲ ಶಾಲಾ ವ್ಯಾಕರಣಗಳು ಇದನ್ನೇ ಹೇಳುತ್ತ ಬಂದವು. ರೆನ್ ಮತ್ತು ಮಾರ್ಟಿನ್ ಪುಸ್ತಕದ ಮೂಲಕ ನಮ್ಮ ತರಗತಿಗಳಿಗೂ ಅದು ಬಂದಿತು. ಮಾತಿನಲ್ಲಿ ಈ ನಿಯಮ ಈಗ ಬಹುಮಟ್ಟಿಗೆ ಸಡಿಲಿದೆ. ಆದರೆ ಕಾಯಿದೆಯ ಭಾಷೆಯಲ್ಲಿ ‘ಶ್ಯಾಲ್’ ಎಂದರೆ ಕಟ್ಟಳೆ, ‘ಮೇ’ ಎಂದರೆ ಅನುಮತಿ ಅಥವಾ ಅಧಿಕಾರ ಎಂಬ ಭೇದ ಗಟ್ಟಿಯಾಗಿ ನಿಂತಿತು.

ಇಲ್ಲಿಂದ ಕಥೆ ನಮ್ಮದಾಗುತ್ತದೆ. ಸಂವಿಧಾನದ 343ನೆಯ ವಿಧಿಯು ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆಯನ್ನಾಗಿ ಮಾಡಿ, 1950ರಿಂದ 15 ವರ್ಷಗಳ ಕಾಲ ಇಂಗ್ಲಿಷ್ ಮುಂದುವರಿಯಬೇಕೆಂದಿತು. ಅಲ್ಲಿ ಬಳಸಿದ ಪದ ‘ಶ್ಯಾಲ್’. ಗಡುವು ಮುಗಿಯುವ ದಿನ 1965ರ ಜನವರಿ 26. ಆ ಬಳಿಕ ಏನು? 1963ರಲ್ಲಿ ಗೃಹಮಂತ್ರಿ ಲಾಲ್ ಬಹಾದೂರ್ ಶಾಸ್ತ್ರಿಯವರು ತಂದ ಆಡಳಿತ ಭಾಷಾ ಮಸೂದೆಯು ಹಿಂದಿಯ ಜೊತೆಗೆ ಇಂಗ್ಲಿಷೂ ಮುಂದುವರಿಯಬಹುದು ಎಂದಿತು. ಈ ಬಾರಿ ಬಳಸಿದ ಪದ ‘ಮೇ’.

‘ಮುಂದುವರಿಯಬಹುದು ಎಂದರೆ, ಮುಂದುವರಿಯದೆಯೂ ಇರಬಹುದಲ್ಲವೆ?’ ಎಂಬುದು ಹಿಂದಿಯೇತರ ಪ್ರಾಂತಗಳವರ ಶಂಕೆ. ದ್ರಾವಿಡ ಮುನ್ನೇತ್ರ ಕಳಗವು ಆ ಜಾಗದಲ್ಲಿ ‘ಶ್ಯಾಲ್’ ಇರಲೆಂದು ಒತ್ತಾಯಿಸಿತು. ರಾಜ್ಯಸಭೆಯಲ್ಲಿ ಅಣ್ಣಾದೊರೈಯವರು ವಾದಿಸಿದರು. ಇಲ್ಲಿ ‘ಮೇ’ ಎಂದರೂ ‘ಶ್ಯಾಲ್’ ಎಂದೇ ಅರ್ಥ ಎಂದು ಪ್ರಧಾನಿ ನೆಹರೂ ಭರವಸೆ ಕೊಟ್ಟರು. ಹಾಗಿದ್ದರೆ ಅದೇ ಪದವನ್ನು ಬರೆಯಲು ಅಡ್ಡಿಯೇನು ಎಂಬ ಪ್ರಶ್ನೆ ಉಳಿದೇ ಹೋಯಿತು. ನೆಹರೂ ಅವರು 1964ರ ಮೇ ತಿಂಗಳಲ್ಲಿ ತೀರಿಕೊಂಡರು. ಆಡಿದ ಮಾತು ಆಡಿದವರೊಡನೆ ಹೋಯಿತು. ಬರೆದ ‘ಮೇ’ ಕಾಯಿದೆಯಲ್ಲಿ ಉಳಿಯಿತು.

1965ರ ಜನವರಿಯಲ್ಲಿ ಮದರಾಸು ರಾಜ್ಯದ ವಿದ್ಯಾರ್ಥಿಗಳು ಬೀದಿಗಿಳಿದರು. ಕೇಂದ್ರದ ನೌಕರಿಯ ಪರೀಕ್ಷೆಗಳು ಹಿಂದಿಯಲ್ಲೇ ನಡೆದರೆ ತಮ್ಮ ಗತಿಯೇನೆಂಬುದು ಅವರ ಭಯ. ಸರ್ಕಾರಿ ಅಂದಾಜಿನಂತೆ ಸತ್ತವರೇ ಸುಮಾರು 70 ಮಂದಿ. ಕೆಲವರು ಮೈಗೆ ಬೆಂಕಿ ಹಚ್ಚಿಕೊಂಡರು. ಜನವರಿಯ ಕೊನೆಯಲ್ಲಿ ಕಾಮರಾಜ್, ಸಂಜೀವ ರೆಡ್ಡಿ, ಅತುಲ್ಯ ಘೋಷ್ ಮತ್ತು ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರು ಬೆಂಗಳೂರಿನಲ್ಲಿ ಸೇರಿ, ಹಿಂದಿಯನ್ನು ಬಲವಂತದಿಂದ ಹೇರಬಾರದೆಂದು ಮನವಿ ಮಾಡಿದರು. ಫೆಬ್ರುವರಿ 11ರಂದು ಕೇಂದ್ರ ಮಂತ್ರಿಗಳಾದ ಸಿ. ಸುಬ್ರಹ್ಮಣ್ಯಂ ಮತ್ತು ಓ.ವಿ. ಅಳಗೇಶನ್ ರಾಜೀನಾಮೆ ಸಲ್ಲಿಸಿದರು. ಅದೇ ದಿನ ಪ್ರಧಾನಿ ಶಾಸ್ತ್ರಿಯವರು ಆಕಾಶವಾಣಿಯಲ್ಲಿ ಮಾತನಾಡಿ, ನೆಹರೂ ಅವರ ಭರವಸೆಯನ್ನು ಪಾಲಿಸುವುದಾಗಿ ಸಾರಿದರು.

ಆ ಮಾತು ಕಾಯಿದೆಯಾಗಿದ್ದು ಇಂದಿರಾ ಗಾಂಧಿಯವರ ಕಾಲದಲ್ಲಿ. 1967ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಂತೆ, ಹಿಂದಿಯನ್ನು ಆಡಳಿತ ಭಾಷೆಯಾಗಿ ಒಪ್ಪದ ರಾಜ್ಯಗಳೊಡನೆ ಕೇಂದ್ರವು ಇಂಗ್ಲಿಷಿನಲ್ಲಿ ವ್ಯವಹರಿಸಲೇಬೇಕು. ಅಲ್ಲಿ ‘ಶ್ಯಾಲ್’ ಬಂದಿತು. ಇಂಗ್ಲಿಷನ್ನು ಕೈಬಿಡಬೇಕಾದರೆ ಅಂಥ ಎಲ್ಲ ರಾಜ್ಯಗಳ ಶಾಸನಸಭೆಗಳೂ ಸಂಸತ್ತಿನ ಎರಡೂ ಸದನಗಳೂ ಒಪ್ಪಬೇಕೆಂದು ಸೇರಿಸಲಾಯಿತು. ಅದು ಇಂದಿಗೂ ಜಾರಿಯಲ್ಲಿದೆ.

ನೆಹರೂ ಅವರ ವಾದ ನಿರಾಧಾರವೇನೂ ಆಗಿರಲಿಲ್ಲ. ಸಂವಿಧಾನದ 320ನೆಯ ವಿಧಿಯಲ್ಲಿರುವ ಒಂದು ‘ಶ್ಯಾಲ್’ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟು 1957ರಲ್ಲೇ ತೀರ್ಪು ಕೊಟ್ಟಿತ್ತು. ಸಂದರ್ಭ ನೋಡಿ ಅರ್ಥ ಮಾಡುವುದು ನ್ಯಾಯಾಲಯಗಳ ಪದ್ಧತಿ. ಆದರೆ ಪರಭಾಷೆಯ ನಡುವೆ ಬಾಳುವವನಿಗೆ ಇನ್ನೊಬ್ಬರು ಸಂದರ್ಭ ನೋಡಿ ಕೊಡುವ ಅರ್ಥ ಸಾಲದು. ಬರೆದಿಟ್ಟ ಪದ ಬೇಕು. ಹೊರನಾಡಿನಲ್ಲಿ ನೆಲೆಸಿದ ನಮಗೆ ಇದನ್ನು ಬೇರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಮ್ಮೆ ಮಗು ವ್ಯಾಕರಣದ ಪುಸ್ತಕ ಹಿಡಿದು ‘ಮೇ’ಗೂ ‘ಶ್ಯಾಲ್’ಗೂ ಏನು ವ್ಯತ್ಯಾಸವೆಂದು ಕೇಳಿದರೆ, ‘ಬಹುದು’, ‘ಬೇಕು’ ಎಂದಷ್ಟೇ ಹೇಳಿ ಮುಗಿಸದೆ, ಈ ಕಥೆಯನ್ನೂ ಹೇಳೋಣ.