ಹೊಲದ ಕುಂಬಳ, ನೀರಿನ ಬಣ್ಣ



ಆಯುಧಪೂಜೆಯ ದಿನ ಬಂಡಿಗೆ, ಪಂಪುಸೆಟ್ಟಿಗೆ, ಟ್ರ್ಯಾಕ್ಟರಿಗೆ ಪೂಜೆ ಮಾಡಿ ಬೂದುಗುಂಬಳ ಒಡೆಯುವುದು ನಮ್ಮಲ್ಲಿ ನಡೆದುಬಂದ ರೂಢಿ. ಹೊಸ ಮನೆ ಕಟ್ಟುವಾಗ ದೃಷ್ಟಿ ತಾಗದಿರಲಿ ಅಂತ ಅದೇ ಕಾಯಿಗೆ ಕಣ್ಣು, ಮೀಸೆ, ಕೋರೆಹಲ್ಲು ಬರೆದು ತೂಗುಹಾಕುವುದೂ ಉಂಟು. ಆದಕಾರಣ ಕುಂಬಳಕಾಯಿಗೆ ಬಣ್ಣ ಹಾಕಿ ಮನೆ ಮುಂದೆ ಇಡುತ್ತಾರಂತೆ ಅಂದರೆ ನಿಮಗೇನೂ ಬೆರಗಾಗಲಿಕ್ಕಿಲ್ಲ.

ನಮ್ಮಲ್ಲಿ ದಸರೆ ದೀಪಾವಳಿ ನಡೆಯುವ ಇದೇ ದಿನಗಳು ಅಮೆರಿಕ ದೇಶದಲ್ಲಿ ಮರದ ಎಲೆಗಳು ಕೆಂಪಾಗಿ ಉದುರುವ ಕಾಲ. ಆಗ ಅಲ್ಲಿನ ಕೆಲವರು ಸಿಹಿಗುಂಬಳವನ್ನು ಬಣ್ಣ ತೇಲಿಬಿಟ್ಟ ನೀರಿನಲ್ಲಿ ಅದ್ದಿ ತೆಗೆದು, ಅಮೃತಶಿಲೆಯ ಮೇಲಿರುವಂಥ ಸುಳಿಸುಳಿ ಗೆರೆ ಬರಿಸಿ, ಮನೆಯ ಮೆಟ್ಟಿಲ ಮೇಲೆ ಸಾಲಾಗಿ ಇಡುತ್ತಾರೆ. ಇದು ಮಕ್ಕಳಾಟದಂತೆ ಕಾಣಬಹುದು. ಆದರೆ ಇದರ ಹಿಂದೆ ಎರಡು ಚರಿತ್ರೆಗಳಿವೆ. ಒಂದು ಕಾಯಿಯದು, ಇನ್ನೊಂದು ಬಣ್ಣದ್ದು. ಬಣ್ಣದ ಚರಿತ್ರೆಯಲ್ಲಿ ನಮ್ಮ ವಿಜಯಪುರಕ್ಕೂ ಒಂದು ಪಾಲಿದೆ.

ಮೊದಲು ಕಾಯಿಯ ಮಾತು. ಬೂದುಗುಂಬಳ ಏಷ್ಯಾದ್ದೇ. ಸಿಹಿಗುಂಬಳ ಮಾತ್ರ ವಲಸೆ ಬಂದದ್ದು. ನಮ್ಮ ಮಲೆನಾಡಿನ ಕಡೆ ಇದಕ್ಕೆ ಚೀನಿಕಾಯಿ ಅನ್ನುತ್ತಾರೆ, ಆದರೆ ಚೀನಾಕ್ಕೂ ಇದರ ಹುಟ್ಟಿಗೂ ಸಂಬಂಧವಿಲ್ಲ. ಇದರ ತವರು ಅಮೆರಿಕ ಖಂಡ. ಮೆಕ್ಸಿಕೋ ದೇಶದ ಓಹಾಕಾ ಸೀಮೆಯ ಒಂದು ಗುಹೆಯಲ್ಲಿ ಸಿಕ್ಕಿದ ಕುಂಬಳದ ಬೀಜಗಳು ಸುಮಾರು 10,000 ವರ್ಷ ಹಳೆಯವು ಎಂದು ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದರು. ಮುಸುಕಿನ ಜೋಳವನ್ನು ಜನ ಸಾಗುವಳಿಗೆ ತರುವುದಕ್ಕೂ ಮೊದಲಿನ ಕಾಲ ಅದು. ಕಾಡುಕುಂಬಳ ಹಿಡಿಯಷ್ಟು ಗಾತ್ರ, ಬಾಯಿಗಿಟ್ಟರೆ ವಿಷದಂಥ ಕಹಿ. ಜನ ಅದನ್ನು ಮೊದಲು ಬೀಜಕ್ಕಾಗಿ, ಬುರುಡೆಗಾಗಿ ಹತ್ತಿರ ತಂದುಕೊಂಡರು. ಕಹಿ ಕಡಿಮೆಯಿದ್ದ ಕಾಯಿಯ ಬೀಜ ಎತ್ತಿಟ್ಟರು, ಮರುವರ್ಷ ಅದನ್ನೇ ಹಾಕಿದರು. ಹೀಗೆ ಎಷ್ಟೋ ತಲೆಮಾರು ನಡೆದು ಸಿಹಿ ತಿರುಳಿನ ಕಾಯಿ ಬಂತು. ಆಗ ಸಂಶೋಧನಾ ಕೇಂದ್ರವಿತ್ತೇ, ನಮ್ಮಂಥ ವಿಸ್ತರಣಾ ಅಧಿಕಾರಿಗಳಿದ್ದರೇ? ಎಲ್ಲಾ ಬೇಸಾಯದ ಮನೆಯವರ ಕೈಗುಣ.

ಅಲ್ಲಿನ ಮೂಲನಿವಾಸಿಗಳು ಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಂದೇ ಹೊಲದಲ್ಲಿ ಹಾಕುತ್ತಿದ್ದರು. ನಮ್ಮ ಅಕ್ಕಡಿ ಸಾಲಿನ ಬೇಸಾಯ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಳದ ದಂಟಿಗೆ ಹುರುಳಿಬಳ್ಳಿ ಹಬ್ಬುತ್ತದೆ, ಕುಂಬಳದ ಅಗಲ ಎಲೆ ನೆಲಕ್ಕೆ ನೆರಳಾಗಿ ಕಳೆ ತಡೆಯುತ್ತದೆ. 1492ರ ನಂತರ ಹಡಗುಗಳಲ್ಲಿ ಈ ಬೀಜ ಲೋಕವೆಲ್ಲ ಸುತ್ತಿತು, ನಮ್ಮ ಹಿತ್ತಿಲಿಗೂ ಬಂತು. 1620ರಲ್ಲಿ ಇಂಗ್ಲೆಂಡಿನಿಂದ ಹೋಗಿ ಅಮೆರಿಕದ ಪ್ಲಿಮತ್ ಎಂಬಲ್ಲಿ ನೆಲೆನಿಂತವರು ಅಲ್ಲಿನ ಜನರ ಬೆಳೆಗಳನ್ನು ಕಲಿತೇ ಹೊಟ್ಟೆ ಹೊರೆದುಕೊಂಡರು. ಆ ಸೀಮೆಯ ಚಳಿಗಾಲದಲ್ಲಿ ಕೆಡದೆ ಉಳಿಯುವ ಆಹಾರವಾಗಿ ಕುಂಬಳ ಅವರಿಗೆ ಆಸರೆಯಾಯಿತು.

ಹೀಗೆ ಅನ್ನವಾಗಿದ್ದ ಕಾಯಿ ಅಲಂಕಾರಕ್ಕೆ ತಿರುಗಿದ್ದು ಹೇಗೆ? ಅದಕ್ಕೆ ಐರ್ಲೆಂಡಿಗೆ ಹೋಗಬೇಕು. ಅಲ್ಲಿ ಅಕ್ಟೋಬರ್ 31ರ ರಾತ್ರಿ ದೆವ್ವಭೂತಗಳು ಅಲೆಯುತ್ತವೆ ಎಂಬ ನಂಬಿಕೆ ಹಳೆಯದು. ಟರ್ನಿಪ್ ಗಡ್ಡೆಯನ್ನು ಕೊರೆದು, ಮುಖ ಬರಿಸಿ, ಒಳಗೆ ದೀಪ ಇಡುತ್ತಿದ್ದರು. ನಮ್ಮ ದೃಷ್ಟಿಗುಂಬಳಕ್ಕೂ ಅದಕ್ಕೂ ಉದ್ದೇಶ ಹೆಚ್ಚು ದೂರವಿಲ್ಲ ನೋಡಿ. 1845ರಲ್ಲಿ ಅಲ್ಲಿನ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗಲಿತು. ಬಡವರು ಆ ಒಂದೇ ಗಡ್ಡೆಯನ್ನು ನಂಬಿದ್ದರು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನಕ್ಕೂ ಹೆಚ್ಚು ಮಂದಿ ದೇಶ ಬಿಟ್ಟರು. ಅಮೆರಿಕಕ್ಕೆ ಹೋದವರ ಜೊತೆ ಈ ದೀಪದ ಪದ್ಧತಿಯೂ ಹೋಯಿತು. ಅಲ್ಲಿ ಕಲ್ಲಿನಂಥ ಟರ್ನಿಪ್ ಕೊರೆಯುವ ಬದಲು ಒಳಗೆ ಟೊಳ್ಳಾದ ಕುಂಬಳ ಸುಲಭವಾಗಿ ಕೈಗೆ ಸಿಕ್ಕಿತು.

ಇದಾದಮೇಲೆ ಕುಂಬಳದ ಬೇಸಾಯವೇ ಎರಡು ಕವಲಾಯಿತು. ಡಬ್ಬಿಗೆ ತುಂಬುವ ಅಡಿಗೆಯ ಕುಂಬಳ ಬೇರೆ. ಅದನ್ನು ಇಲಿನಾಯ್ ರಾಜ್ಯದಲ್ಲಿ ಹೆಚ್ಚಾಗಿ ಬೆಳೆಯುತ್ತಾರೆ, ಅದರ ಸಿಪ್ಪೆ ಮಾಸಲು ಕಂದು. ಬಾಗಿಲಿಗಿಡುವ ಕಿತ್ತಳೆ ಬಣ್ಣದ ಕುಂಬಳವೇ ಬೇರೆ. ಮ್ಯಾಸಚೂಸೆಟ್ಸ್ ರಾಜ್ಯದ ಜಾನ್ ಹೌಡನ್ ಎಂಬ ರೈತ 1960ರ ದಶಕದಲ್ಲಿ ತನ್ನ ಹೊಲದಲ್ಲೇ ಆರಿಸಿ ಆರಿಸಿ ಒಂದು ತಳಿ ಮಾಡಿದ. ಕಾಯಿ ದುಂಡು, ಬಣ್ಣ ಗಾಢ, ತೊಟ್ಟು ದಪ್ಪ. ಹೌಡನ್ ಎಂಬ ಹೆಸರಿನಲ್ಲೇ ಅದು ದೇಶವೆಲ್ಲ ಹಬ್ಬಿತು. ತಿನ್ನಲು ಮಾತ್ರ ನೀರುನೀರು, ನಾರುನಾರು. ಆಹಾರ ಬೆಳೆಯುವ ರೈತ ರುಚಿಯನ್ನು ಬಿಟ್ಟು ತೊಟ್ಟಿನ ಅಂದ ನೋಡಿ ಬೀಜ ಎತ್ತಿಡುವ ಕಾಲ ಬಂತು ಅಂದಹಾಗಾಯಿತು. ಇದನ್ನು ತಪ್ಪು ಅನ್ನಲಾರೆ. ಕೊಳ್ಳುವವನು ಕೇಳಿದ್ದನ್ನು ಬೆಳೆದ. ಆದರೆ ಅದರ ಇಕ್ಕಟ್ಟೂ ಜೊತೆಗೆ ಬಂತು. ಅಕ್ಟೋಬರ್ ತಿಂಗಳೊಂದೇ ಅವರ ಸಂತೆ. ನವೆಂಬರ್ ಬಂದರೆ ಕೇಳುವವರಿಲ್ಲ. ಆಯುಧಪೂಜೆಯ ಮರುದಿನ ಬೂದುಗುಂಬಳದ ಗತಿ, ದೀಪಾವಳಿಯ ಮರುದಿನ ಚೆಂಡುಹೂವಿನ ಗತಿ ಕಂಡ ನಿಮಗೆ ಆ ರೈತನ ಎದೆಬಡಿತ ಗೊತ್ತು.

ಕೊರೆದ ಕಾಯಿಗೆ ಇನ್ನೊಂದು ದೋಷ. ಚಾಕು ಇಳಿದ ಗಳಿಗೆಯಿಂದ ಅದು ಕೊಳೆಯತೊಡಗುತ್ತದೆ. ಒಂದು ವಾರ ನಿಂತರೆ ಹೆಚ್ಚು. ಕೊರೆಯದೆ ಬಣ್ಣ ಮಾತ್ರ ಹಾಕಿದರೆ ಅದೇ ಕಾಯಿ ವಾರಗಟ್ಟಲೆ ಇರುತ್ತದೆ. ಬಣ್ಣದ ಕುಂಬಳ ಜನಕ್ಕೆ ಹಿಡಿಸಿದ್ದಕ್ಕೆ ಇದೊಂದು ದೊಡ್ಡ ಕಾರಣ.

ಇನ್ನು ಬಣ್ಣದ ಚರಿತ್ರೆ. ಹಳೆಯ ಲೆಕ್ಕದ ಪುಸ್ತಕಗಳ ರಟ್ಟಿನ ಮೇಲೆ ಮೋಡ ಹರಡಿದಂಥ, ನವಿಲುಗರಿಯಂಥ ಬಣ್ಣಬಣ್ಣದ ಕಾಗದ ಅಂಟಿಸಿರುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರುತ್ತೀರಿ. ಅದು ಕುಂಚದಿಂದ ಬರೆದದ್ದಲ್ಲ. ನೀರಿನ ಮೇಲೆ ಬಣ್ಣ ತೇಲಿಸಿ, ಕಡ್ಡಿಯಿಂದ ಎಳೆದು ಚಿತ್ತಾರ ಮಾಡಿ, ಕಾಗದವನ್ನು ಮೆಲ್ಲಗೆ ಹಾಸಿ ಎತ್ತಿದ್ದು. ಜಪಾನಿನಲ್ಲಿ 12ನೇ ಶತಮಾನದಲ್ಲೇ ಮಸಿಯನ್ನು ನೀರಿನ ಮೇಲೆ ಬಿಟ್ಟು ಹೀಗೆ ಮಾಡುತ್ತಿದ್ದರು. ಪಾರಸಿ ಸೀಮೆಯಲ್ಲಿ ಇದಕ್ಕೆ ಅಬ್ರಿ ಅಂತ ಹೆಸರು, ಅಂದರೆ ಮೋಡದಂಥದು. ತುರ್ಕಿಯವರು ಎಬ್ರು ಅನ್ನುತ್ತಾರೆ. ಅವರ ಈ ಕಲೆಯನ್ನು ಯುನೆಸ್ಕೋ ಸಂಸ್ಥೆ 2014ರಲ್ಲಿ ಲೋಕದ ಪರಂಪರೆಯ ಪಟ್ಟಿಗೆ ಸೇರಿಸಿತು.

ಬರಿ ನೀರಿನ ಮೇಲೆ ಬಣ್ಣ ಅಂಕೆಗೆ ಸಿಗುವುದಿಲ್ಲ. ಅದಕ್ಕೇ ನೀರಿಗೆ ಅಂಟು ಹಾಕಿ ಲೋಳೆಯಾಗಿ ಮಾಡುತ್ತಿದ್ದರು. ನೆನೆಹಾಕಿದ ಮೆಂತ್ಯ ಬಿಡುವ ಲೋಳೆಯನ್ನೂ ಈ ಕೆಲಸಕ್ಕೆ ಬಳಸುತ್ತಿದ್ದರು. ಅಡಿಗೆಮನೆಯ ತಾಯಂದಿರಿಗೆ ಅದರ ಗುಣ ಹೇಳಬೇಕಾಗಿಲ್ಲ. ಬಣ್ಣ ಮುಳುಗದೆ ಹರಡಲಿ ಅಂತ ದನದ ಪಿತ್ತರಸದ ಹನಿ ಬೆರೆಸುತ್ತಿದ್ದರು. ಕಾಗದಕ್ಕೆ ಬಣ್ಣ ಕಚ್ಚಲಿ ಅಂತ ಮೊದಲೇ ಪಟಿಕದ ನೀರು ಬಳಿಯುತ್ತಿದ್ದರು. ಎಲ್ಲಾ ಹೊಲ, ಕೊಟ್ಟಿಗೆ, ಅಂಗಡಿಯ ಸಾಮಾನೇ.

ಆದಿಲಶಾಹಿಗಳ ಕಾಲದ ವಿಜಯಪುರದಲ್ಲಿ, 17ನೇ ಶತಮಾನದಲ್ಲಿ, ಈ ವಿದ್ಯೆ ಒಂದು ಹೆಜ್ಜೆ ಮುಂದೆ ಹೋಯಿತು. ಬೇರೆ ಕಡೆ ಇದು ಹೆಚ್ಚಾಗಿ ಪುಸ್ತಕದ ಅಂಚಿಗೆ, ಹಾಸುಗಾಗದಕ್ಕೆ ಬಳಕೆಯಾದರೆ, ಇಲ್ಲಿನ ಕುಶಲಿಗಳು ಬೇಡದ ಭಾಗ ಮರೆಮಾಡಿ, ಬೇಕಾದ ಆಕಾರದೊಳಗೆ ಮಾತ್ರ ಬಣ್ಣ ಹಿಡಿಸಿ, ಮನುಷ್ಯರ, ಪ್ರಾಣಿಗಳ ಚಿತ್ರವನ್ನೇ ತೆಗೆದರು. ವಿಜಯಪುರದ್ದೆಂದು ವಿದ್ವಾಂಸರು ಗುರುತಿಸುವ ಅಂಥದೊಂದು ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಎಲುಬು ಎದ್ದ ಬಡಕಲು ಕುದುರೆ, ಅದರ ಮೇಲೊಬ್ಬ ಬೈರಾಗಿ. ಮೇವಿಲ್ಲದ ವರ್ಷದ ದನವನ್ನು ಹತ್ತಿರದಿಂದ ಕಂಡವರೇ ಅದನ್ನು ಮಾಡಿರಬೇಕು ಎಂದು ನನಗನ್ನಿಸುತ್ತದೆ.

ಅದೇ ಹೊತ್ತಿಗೆ ಈ ವಿದ್ಯೆ ತುರ್ಕಿಯಿಂದ ಯೂರೋಪಿಗೆ ದಾಟಿತ್ತು. ಅಲ್ಲಿ ಇದಕ್ಕೊಂದು ಹೊಸ ಉಪಯೋಗ ಕಂಡಿತು. ನೀರಿನ ಮೇಲಿನ ಚಿತ್ತಾರ ಒಂದು ಸಲ ಬಂದದ್ದು ಇನ್ನೊಂದು ಸಲ ಬಾರದು. ಅಂದಮೇಲೆ ಲೆಕ್ಕದ ಪುಸ್ತಕದ ಅಂಚಿಗೆ ಈ ಬಣ್ಣ ಹಾಕಿದರೆ, ಯಾರಾದರೂ ಒಂದು ಹಾಳೆ ಕಿತ್ತರೂ ಗೆರೆ ಕೂಡದೆ ಕಳ್ಳತನ ಬಯಲಾಗುತ್ತದೆ. 1775ರಲ್ಲಿ ಅಮೆರಿಕದವರು ಇಂಗ್ಲೆಂಡಿನ ಮೇಲೆ ತಿರುಗಿಬಿದ್ದಾಗ ಅಚ್ಚು ಹಾಕಿಸಿದ 20 ಡಾಲರ್ ನೋಟಿನ ಅಂಚಿಗೂ ಇದೇ ಬಣ್ಣದ ಕಾಗದ. ಬೆಂಜಮಿನ್ ಫ್ರಾಂಕ್ಲಿನ್ ಒದಗಿಸಿದ್ದು ಅದು. ಖೋಟಾ ನೋಟು ಮಾಡುವವನಿಗೆ ಆ ಗೆರೆ ನಕಲು ಮಾಡಲಾಗದು ಎಂಬುದು ಲೆಕ್ಕಾಚಾರ.

ಈ ಎರಡು ದಾರಿ ಕೂಡಿಸಿದ್ದು ಉಗುರುಬಣ್ಣ ಅಂದರೆ ನಗುತ್ತೀರಿ. ಹತ್ತಿಯ ನಾರನ್ನು ಆಮ್ಲದಲ್ಲಿ ಸಂಸ್ಕರಿಸಿ ಮಾಡುವ ಒಂದು ವಸ್ತುವಿನಿಂದ 1920ರ ದಶಕದಲ್ಲಿ ಮೋಟಾರು ಕಾರುಗಳಿಗೆ ಬೇಗ ಒಣಗುವ ಬಣ್ಣ ಬಂತು. ಉಗುರುಬಣ್ಣ ಅದೇ ಜಾತಿಯದು. ಅದು ನೀರಿನೊಡನೆ ಬೆರೆಯುವುದಿಲ್ಲ. ಹನಿ ಬಿಟ್ಟರೆ ಪೊರೆಯಾಗಿ ಹರಡುತ್ತದೆ. ಲೋಳೆ ಬೇಡ, ಪಿತ್ತ ಬೇಡ, ಪಟಿಕವೂ ಬೇಡ. ಕುಶಲಿಗಳು ವರ್ಷಗಟ್ಟಲೆ ಕಲಿಯುತ್ತಿದ್ದುದು ಹೀಗೆ ಬಕೀಟಿನ ಕೆಲಸವಾಯಿತು.

ಮಾಡುವ ಬಗೆ ಹೇಳುತ್ತೇನೆ. ಅಡಿಗೆಗೆ ಮತ್ತೆ ಬಳಸದ ಹಳೆಯ ಬಕೀಟಿಗೆ ಮುಕ್ಕಾಲು ನೀರು ತುಂಬಿ. ನೀರು ತಣ್ಣಗೆ ಕೊರೆಯುವಂತಿರಬಾರದು, ಬಣ್ಣ ಬೇಗ ಹೆಪ್ಪುಗಟ್ಟುತ್ತದೆ. ಎರಡು ಮೂರು ಬಣ್ಣಗಳನ್ನು ಹನಿಹನಿಯಾಗಿ ಬಿಟ್ಟು, ಕಡ್ಡಿಯಿಂದ ಒಂದೆರಡು ಸುತ್ತು ಎಳೆಯಿರಿ. ತಡಮಾಡದೆ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಕಾಯಿಯನ್ನು ಅರ್ಧದವರೆಗೆ ಮೆಲ್ಲಗೆ ಅದ್ದಿರಿ. ಕಾಯಿ ನೀರೊಳಗಿರುವಾಗಲೇ ಮೇಲೆ ಉಳಿದ ಪೊರೆಯನ್ನು ಕಡ್ಡಿಯಿಂದ ಬದಿಗೆ ಸರಿಸಿ ಆಮೇಲೆ ಎತ್ತಿರಿ; ಇಲ್ಲದಿದ್ದರೆ ಮೂಡಿದ ಚಿತ್ತಾರದ ಮೇಲೆ ಇನ್ನೊಂದು ಪದರ ಅಂಟಿ ಕೆಡುತ್ತದೆ. ಸಿಂಬೆಯ ಮೇಲಿಟ್ಟು ಒಣಗಿಸಿ, ಮತ್ತೆ ಇನ್ನರ್ಧ. ತಿಳಿ ಬಣ್ಣದ ಕಾಯಿಯ ಮೇಲೆ ಗೆರೆ ಚೆನ್ನಾಗಿ ಕಾಣುತ್ತದೆ. ಅಮೆರಿಕದಲ್ಲಿ ಲುಮಿನಾ, ಬೇಬಿ ಬೂ ಎಂಬ ಬಿಳಿ ತಳಿಗಳೇ ಇವೆ. ನಮ್ಮ ಕಾಯಿಗಾದರೆ ಮೊದಲು ಬಿಳಿ ಬಣ್ಣ ಬಳಿದು ಒಣಗಿಸಿಕೊಳ್ಳಬೇಕು.

ಬೂದುಗುಂಬಳಕ್ಕೆ ಹಾಕಬಹುದೇ ಎಂದು ಕೇಳುವಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಇದೆಯಲ್ಲ, ಆ ಹೆಗಲಿಗೆ ಅಂಟುವ ಬೂದಿ ನಿಜವಾಗಿ ಒಂದು ಬಗೆಯ ಮೇಣ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಪೂರಾ ಒರೆಸಿ ತೆಗೆದರೆ ಮಾತ್ರ ಹಿಡಿದೀತು.

ಚಿತ್ತಾರಕ್ಕಿಂತ ಮುಖ್ಯವಾದ ಕೆಲಸ ಹೊಲದಲ್ಲಿದೆ. ಎಳೆಕಾಯಿಗೆ ಎಷ್ಟು ಚೆಂದ ಬಣ್ಣ ಹಾಕಿದರೂ ಅದು ಒಳಗಿಂದ ಕೊಳೆಯುತ್ತದೆ. ಉಗುರು ಊರಿದರೆ ಸಿಪ್ಪೆಯಲ್ಲಿ ಗುರುತು ಬೀಳಬಾರದು, ತೊಟ್ಟು ಒಣಗಿ ಬೆಂಡಾಗಿರಬೇಕು. ನಾಲ್ಕು ಬೆರಳಷ್ಟು ತೊಟ್ಟು ಬಿಟ್ಟು ಕೊಯ್ಯಿರಿ. ತೊಟ್ಟು ಹಿಡಿದು ಎತ್ತಬೇಡಿ; ಅದು ಮುರಿದ ಜಾಗವೇ ಕೊಳೆರೋಗಕ್ಕೆ ಹೆಬ್ಬಾಗಿಲು. ಸುಮಾರು 10 ದಿನ ಬೆಚ್ಚಗಿನ, ಗಾಳಿಯಾಡುವ ನೆರಳಿನಲ್ಲಿ ಒಂದಕ್ಕೊಂದು ತಾಗದಂತೆ ಹುಲ್ಲಿನ ಮೇಲಿಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ. ಬಣ್ಣ ಆಮೇಲೆ. ಹೀಗೆ ಹದಮಾಡಿದ ಕಾಯಿ, ಬಣ್ಣ ಹಾಕಿದರೂ ಹಾಕದಿದ್ದರೂ, ಒಣ ಜಾಗದಲ್ಲಿ ಎರಡು ಮೂರು ತಿಂಗಳು ಬಾಳುತ್ತದೆ.

ಈಗ ಖಂಡಿತವಾಗಿ ಹೇಳಬೇಕಾದ ಮಾತು. ಉಗುರುಬಣ್ಣ ಹಾಕಿದ ಕಾಯಿ ಆಹಾರವಲ್ಲ. ಸಾರಿಗೂ ಬೇಡ, ದನಕ್ಕೂ ಬೇಡ, ಗೊಬ್ಬರದ ಗುಂಡಿಗೂ ಬೇಡ. ಬಾಗಿಲಲ್ಲಿಟ್ಟ ಕಾಯಿ ಬಾಡಿತು ಅಂತ ಎಮ್ಮೆ ಮುಂದೆ ಎಸೆಯುವ ಅಭ್ಯಾಸ ನಮ್ಮಲ್ಲಿದೆ, ಆದ್ದರಿಂದ ಒತ್ತಿ ಹೇಳುತ್ತೇನೆ. ಬಕೀಟಿನಲ್ಲಿ ಉಳಿದ ಪೊರೆಯನ್ನು ಕಾಗದದಿಂದ ಎತ್ತಿ ಒಣಗಿಸಿ ಕಸಕ್ಕೆ ಹಾಕಿ. ಆ ನೀರನ್ನು ಬಾವಿಕಟ್ಟೆಯ ಹತ್ತಿರ, ದನದ ತೊಟ್ಟಿಯ ಹತ್ತಿರ ಚೆಲ್ಲಬೇಡಿ. ಉಗುರುಬಣ್ಣಕ್ಕೆ ಬೆಂಕಿ ಬಲು ಬೇಗ ಹತ್ತುತ್ತದೆ. ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಇರಬಾರದು. ಅದರ ವಾಸನೆಯೂ ಒಳ್ಳೆಯದಲ್ಲ; ಮಕ್ಕಳು ಮಾಡುವುದಾದರೆ ಅಂಗಳದಲ್ಲಿ, ದೊಡ್ಡವರ ಎದುರಿಗೆ ಮಾಡಲಿ.

ಅಮೆರಿಕದಲ್ಲಿ ಹಬ್ಬ ಮುಗಿದ ಮೇಲೆ ಲೆಕ್ಕವಿಲ್ಲದಷ್ಟು ಕುಂಬಳ ಕಸದ ರಾಶಿ ಸೇರುತ್ತದೆ. ಬಣ್ಣವಿಲ್ಲದ್ದನ್ನು ದನಕ್ಕೆ, ಹಂದಿಗೆ ಹಾಕುವವರೂ ಅಲ್ಲಿದ್ದಾರೆ. ನಮ್ಮ ಮನೆಗಳಲ್ಲಿ ಒಳ್ಳೆಯ ಅಡಿಗೆಯ ಕಾಯಿಗೆ ಬಣ್ಣ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಸಂತೆಯಲ್ಲಿ ಯಾರೂ ಎತ್ತಿಕೊಳ್ಳದ, ಗಾತ್ರ ಕಡಿಮೆಯಾದ, ಸೊಟ್ಟ ಬೆಳೆದ ಕಾಯಿಗಳಿರುತ್ತವಲ್ಲ, ಸಿಪ್ಪೆ ಗಟ್ಟಿಯಿದ್ದರೆ ಅವು ಸಾಕು. ಹಣ್ಣುನೊಣ ಚುಚ್ಚಿದ್ದು, ಬಿರುಕು ಬಿಟ್ಟದ್ದು ಬೇಡ. ಪಟ್ಟಣದ ಹತ್ತಿರದವರು ಮಾರುವುದಾದರೆ ಮೊದಲು ನಾಲ್ಕೈದು ಕಾಯಿ ಮಾಡಿ, ಬಣ್ಣದ ಖರ್ಚು, ಕೈಕೆಲಸದ ಹೊತ್ತು ಎರಡನ್ನೂ ಬರೆದಿಟ್ಟು ನೋಡಿ.

ಬಣ್ಣವೇ ಇಲ್ಲದೆ ಅಂದವಾದ ಕಾಯಿ ಬೇಕಾದರೆ, ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಸೂರ್ಯಮುಖಿ ಎಂಬ ತಳಿಯಿದೆ. ಕಾಯಿ ಚಿಕ್ಕದು, ಸುಮಾರು ಒಂದು ಕಿಲೋ ತೂಕ, ಕಿತ್ತಳೆ ಸಿಪ್ಪೆಯ ಮೇಲೆ ಬಿಳಿಯ ಪಟ್ಟೆ. ಹಬ್ಬದ ವರೆಗೆ ಬಾಗಿಲಲ್ಲಿಟ್ಟು ಆಮೇಲೆ ಹುಳಿ ಮಾಡಿಕೊಳ್ಳಬಹುದು. ದಸರೆಯ ಹೊತ್ತಿಗೆ ಹದವಾದ ಕಾಯಿ ಕೈಗೆ ಬರಬೇಕಾದರೆ ಜೂನ್ ತಿಂಗಳ ಮೊದಲ ಮಳೆಗೇ ಬೀಜ ಊರಿಬಿಡಿ.