‘ಹಂಸಗೀತೆ’ಗೆ ಬಣ್ಣ ಕೊಟ್ಟ ಪೂಂಪುಹಾರಿನ ಕೃಷ್ಣಮೂರ್ತಿ

ಮದ್ರಾಸು ಮತ್ತು ಕನ್ನಡ ಸಿನಿಮಾ ಎಂದರೆ ನಮಗೆ ನೆನಪಾಗುವುದು ಒಂದೇ ದಿಕ್ಕಿನ ಪಯಣ. ನಮ್ಮ ನಟರು, ತಂತ್ರಜ್ಞರು ರೈಲು ಹತ್ತಿ ಕೋಡಂಬಾಕಕ್ಕೆ ಹೋದರು. ದಶಕಗಳ ಕಾಲ ಕನ್ನಡ ಚಿತ್ರಗಳು ಅಲ್ಲಿನ ಸ್ಟುಡಿಯೋಗಳಲ್ಲೇ ತಯಾರಾದವು. ಎದುರು ದಿಕ್ಕಿನಲ್ಲಿ ಬಂದವರೂ ಇದ್ದರು. ಕಲಾ ನಿರ್ದೇಶಕ ಪಿ. ಕೃಷ್ಣಮೂರ್ತಿ ಅಂಥವರಲ್ಲಿ ಒಬ್ಬರು.

ಕೊಡಗಿನಲ್ಲಿ ಹುಟ್ಟಿದ ಕಾವೇರಿ ಕಡಲು ಸೇರುವ ಪೂಂಪುಹಾರ್ ಅವರ ಊರು. ಓದಿದ್ದು ಮದ್ರಾಸಿನ ಕಲಾಶಾಲೆಯಲ್ಲಿ. ಚಿತ್ರಕಾರರಾಗಿದ್ದ ಅವರು ಸಿನಿಮಾಕ್ಕೆ ಕಾಲಿಟ್ಟದ್ದು ಕನ್ನಡದಿಂದ: 1975ರಲ್ಲಿ, ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಯ ಮೂಲಕ. ತ.ರಾ.ಸು. ಕಾದಂಬರಿ, ಅನಂತನಾಗ್ ಅಭಿನಯ, ಬಾಲಮುರಳಿಕೃಷ್ಣರ ಕಂಠ, ಇವೆಲ್ಲ ನಮಗೆ ಬಾಯಿಪಾಠ. ಆ ಲೋಕಕ್ಕೆ ಬಣ್ಣ ಮತ್ತು ರೂಪ ಕೊಟ್ಟವರು ಯಾರೆಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ.

ತಡವರಿಸುವುದಕ್ಕೆ ಕಾರಣವೂ ಆ ಕಸುಬಿನಲ್ಲೇ ಇದೆ. ಹಳೆಯ ಕಾಲದ ಕಥೆಯಲ್ಲಿ ದೀಪ, ಪಾತ್ರೆ, ಚಾಪೆ, ಬಾಗಿಲು, ಉಟ್ಟ ಬಟ್ಟೆಯ ಬಣ್ಣ, ಒಂದೊಂದನ್ನೂ ಯಾರೋ ಆರಿಸಿ ಇಟ್ಟಿರುತ್ತಾರೆ. ಒಂದು ತಪ್ಪಿದರೂ ಪ್ರೇಕ್ಷಕ ಕಂಡುಹಿಡಿಯುತ್ತಾನೆ. ಎಲ್ಲವೂ ಸರಿಯಿದ್ದರೆ ಅದು ಮೊದಲಿಂದ ಹಾಗೇ ಇತ್ತು ಎಂದುಕೊಂಡು ಸುಮ್ಮನಾಗುತ್ತಾನೆ. ಚೆನ್ನಾಗಿ ಮಾಡಿದಷ್ಟೂ ಮಾಡಿದವನು ಮರೆಯಾಗುತ್ತಾನೆ.

ಕೃಷ್ಣಮೂರ್ತಿಯವರಿಗೆ ಮೊದಲ ರಾಷ್ಟ್ರಪ್ರಶಸ್ತಿ ತಂದದ್ದೂ ಕನ್ನಡವೇ. ಅಯ್ಯರ್ ಅವರ ‘ಮಧ್ವಾಚಾರ್ಯ’ (1986). ಹದಿಮೂರನೆಯ ಶತಮಾನದ ಕರಾವಳಿಯ ಆಚಾರ್ಯರ ಬದುಕಿಗೆ ಕಣ್ಣಿಗೆ ಕಾಣುವ ರೂಪ ಕೊಟ್ಟವರು ತಮಿಳುನಾಡಿನ ಕಲಾವಿದ. ಆಮೇಲೆ ಮಲಯಾಳಂ ಕರೆಯಿತು. 1989ರ ‘ಒರು ವಡಕ್ಕನ್ ವೀರಗಾಥಾ’ದಲ್ಲಿ ಕಲೆ, ಉಡುಪು ಎರಡಕ್ಕೂ ಪ್ರಶಸ್ತಿ ಬಂತು.

ತಾಯ್ನುಡಿಯಲ್ಲಿ ‘ಭಾರತಿ’ (2000) ಅವರ ಮುಖ್ಯ ಕೆಲಸ. ಸಾಯಾಜಿ ಶಿಂಧೆ ಕವಿಯ ಪಾತ್ರ ಮಾಡಿದ ಆ ಚಿತ್ರವೂ ರಾಷ್ಟ್ರಪ್ರಶಸ್ತಿ ತಂದಿತು. 2006ರ ‘ಇಂಸೈ ಅರಸನ್ 23ಆಂ ಪುಲಿಕೇಸಿ’ಯದು ಬೇರೆಯೇ ಸವಾಲು. ವಡಿವೇಲು ಪೆದ್ದ ರಾಜನಾಗಿ ನಗಿಸಬೇಕಾದರೆ ಅರಮನೆ ನಿಜವೆನ್ನಿಸಬೇಕು. ಗೋಡೆಯೂ ಗೇಲಿಗಿಳಿದರೆ ರಾಜನ ಗೇಲಿ ಸಪ್ಪೆಯಾಗುತ್ತದೆ. ಬಾಲಾ ಅವರ ‘ನಾನ್ ಕಡವುಳ್’ (2009) ಚಿತ್ರದಲ್ಲಿ ಅದೇ ಕೈ ಭಿಕ್ಷುಕರ ಲೋಕಕ್ಕೆ ಇಳಿಯಿತು.

2020ರ ಡಿಸೆಂಬರಿನಲ್ಲಿ ಅವರು ಚೆನ್ನೈಯಲ್ಲಿ ತೀರಿಕೊಂಡರು. ಒಟ್ಟು ಐದು ರಾಷ್ಟ್ರಪ್ರಶಸ್ತಿ, ಮೂರು ಭಾಷೆಗಳಿಂದ ಬಂದವು.

ನಾವು ಸಿನಿಮಾದ ಚರಿತ್ರೆಯನ್ನು ಭಾಷೆಗೊಂದು ಖಾತೆ ತೆರೆದು ಬರೆಯುತ್ತೇವೆ. ಕನ್ನಡದ ಖಾತೆಗೆ ಅವರು ಹೊರಗಿನವರು. ತಮಿಳಿನ ಖಾತೆಗೆ ಅವರ ಕನ್ನಡದ ಕೆಲಸ ಹೊರಗಿನದು. ಹಾಗಾಗಿ ಅವರ ಮೊದಲ ಹತ್ತು ವರ್ಷದ ದುಡಿಮೆ ಎರಡು ಕಡೆಯೂ ಅರ್ಧಕ್ಕೇ ನಿಲ್ಲುತ್ತದೆ. ಮುಂಬೈ, ಪುಣೆ, ಚೆನ್ನೈಗಳಲ್ಲಿ ಇನ್ನೊಬ್ಬರ ಊರನ್ನು ಕಟ್ಟುತ್ತಾ ಬದುಕುತ್ತಿರುವ ನಮಗೆ ಈ ಲೆಕ್ಕದ ತೊಡಕು ಹೊಸದೇನಲ್ಲ. ನಮ್ಮ ದುಡಿಮೆಯನ್ನು ಈ ಊರುಗಳು ನೆನೆಯಲಿ ಎಂದು ಬಯಸುವ ನಾವು, ನಮ್ಮ ಭಾಷೆಗೆ ದುಡಿದ ಈ ತಮಿಳರ ಹೆಸರನ್ನು ಕನ್ನಡದ ಖಾತೆಯಲ್ಲಿ ಬರೆದುಕೊಳ್ಳಬೇಕು.